ಕಿಟಕಿ ಪಕ್ಕದ ಮಂಚದವರಿಗಾಗಿ

ಈಗಲೂ ನಾನು ಯಾರ ಮನೆಗೆ ಹೋದರೂ ಮೊದಲು ಸೂರಿನ ಕಡೆ ನೋಡುತ್ತೇನೆ. ‘ಬನ್ನಿ, ಕೂತ್ಕೊಳ್ಳಿ’ ಎಂದು ಅವರು ಹೇಳುವ ಹೊತ್ತಿಗೆ ನನ್ನ ಕತ್ತು ಮೇಲಕ್ಕೆ ತಿರುಗಿರುತ್ತದೆ. ತಾರಸಿಯಾದರೆ ಸುಮ್ಮನೆ ಕೂರುತ್ತೇನೆ. ಸಿಮೆಂಟ್ ಶೀಟಾದರೆ ಅದರ ಕೆಳಗೆ ಆಸರೆಗಿರುವ ಕಬ್ಬಿಣದ ಆಂಗಲ್‌ಗಳು ಎಲ್ಲಿ ಹಾದುಹೋಗಿವೆ ಎಂದು ಹುಡುಕಿ, ಅವುಗಳ ನೇರಕ್ಕೆ ಕುರ್ಚಿ ಎಳೆದುಕೊಳ್ಳುತ್ತೇನೆ. ಅದರಿಂದ ಏನು ಉಪಯೋಗ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಮೇಲೆ ಕಾಗೆ ಕೂತು ಶೀಟು ಟಕ್ ಎಂದರೂ ಸಾಕು, ಎರಡು ಕೈಗಳೂ ತಾವಾಗಿಯೇ ಮುಷ್ಟಿ ಕಟ್ಟುತ್ತವೆ. ಏನನ್ನೋ ಬಿಗಿಯಾಗಿ ಹಿಡಿದುಕೊಂಡ ಹಾಗೆ.

ಪೀಣ್ಯದ ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳವು. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್‌ಸಿ. ಮುಗಿಸಿ, ಕಬ್ಬಿಣದ ಪ್ಯಾನೆಲ್‌ಗಳಿಗೆ ಪುಡಿಬಣ್ಣ ಹಾಕಿ ಒಲೆಯಲ್ಲಿ ಬೇಯಿಸಿ ಕೊಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಬಣ್ಣ ಸರಿಯಾಗಿ ಕೂತಿದೆಯೇ, ಎಲ್ಲಾದರೂ ತೆಳುವಾಗಿದೆಯೇ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಇದ್ದದ್ದು ರಾಜಗೋಪಾಲನಗರದಲ್ಲಿ, ದೊಡ್ಡಮ್ಮನ ಜೊತೆ. ಅಮ್ಮನ ಅಕ್ಕ ಅವರು, ಒಬ್ಬರೇ ಇದ್ದವರು. ಬಾಡಿಗೆಗಿದ್ದ ಸಾಲುಮನೆಯ ಮುಂದಿನ ಕೋಣೆಗೆ ಶೀಟಿನ ಸೂರು. ಆ ಕೋಣೆಯಲ್ಲಿ ಪ್ರತಿ ಶುಕ್ರವಾರ ಹೆಂಗಸರ ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಬೆಳಗಿನಿಂದ ಏನೂ ತಿನ್ನದೆ ಬಂದು, ಹಾಡಿ, ಒಬ್ಬೊಬ್ಬರ ಕಷ್ಟ ಕೇಳಿಕೊಂಡು ಅವರಿಗಾಗಿ ಪ್ರಾರ್ಥಿಸಿ, ಮಧ್ಯಾಹ್ನ ದೊಡ್ಡಮ್ಮನ ಅನ್ನ, ಬೇಳೆಸಾರು, ಹಪ್ಪಳಕ್ಕೆ ಕೂರುವುದು. ಶುಕ್ರವಾರವೇ ನನಗೆ ವಾರದ ರಜೆಯಾದ್ದರಿಂದ ಚಾಪೆ ಹಾಸುವ ಕೆಲಸ ನನ್ನದು.

ಮನೆಯ ಓನರಮ್ಮ ನಮ್ಮ ಕ್ರೈಸ್ತ ಸಭೆಯವರಲ್ಲ. ಆ ಬೀದಿ ರಾಗಿಹೊಲವಾಗಿದ್ದ ಕಾಲದಿಂದಲೂ ಅಲ್ಲಿದ್ದ ಒಕ್ಕಲುಮನೆಯವರು. ಶುಕ್ರವಾರ ಅವರ ಮನೆಯಲ್ಲೂ ಪೂಜೆ. ಅದನ್ನು ಮುಗಿಸಿ, ಕುಂಕುಮ ಇಟ್ಟ ಹಣೆಯಲ್ಲೇ ಬಂದು ನಮ್ಮ ಬಾಗಿಲ ಹೊಸ್ತಿಲ ಮೇಲೆ ಕೂರುತ್ತಿದ್ದರು. ಒಳಗೆ ಬನ್ನಿ ಎಂದರೆ ‘ಇಲ್ಲೇ ಗಾಳಿ ಬರುತ್ತೆ’ ಎನ್ನುತ್ತಿದ್ದರು. ಎದ್ದು ಹೋಗುತ್ತಿದ್ದದ್ದು ಊಟವಾದ ಮೇಲೆಯೇ.

ಅವತ್ತು ಏನಾಯಿತು ಎಂಬುದನ್ನು ಎಷ್ಟು ಸಲ ಹೇಳಿದ್ದೇನೋ. ಹೇಳಿದಷ್ಟೂ ಅದು ನಿಧಾನವಾಗುತ್ತ ಹೋಗುತ್ತದೆ.

ಮುಂಗಾರಿಗೆ ಮೊದಲ ಅಡ್ಡಮಳೆ ಬಿದ್ದು ಕಾರ್ಖಾನೆಯ ಶೆಡ್ ಸೋರುತ್ತಿತ್ತು. ಬಣ್ಣ ಹಾಕಿ ಮುಗಿಸಿದ ಪ್ಯಾನೆಲ್‌ಗಳ ಮೇಲೆ ನೀಲಿ ಟಾರ್ಪಾಲು ಹೊದಿಸಿ, ಸೂರು ರಿಪೇರಿಗೆ ಹೊರಗಿನ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದರು. ಅವರ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಂಟ್ರ್ಯಾಕ್ಟರ್ ಕೂಡ ಮೇಸ್ತ್ರಿ ಎಂದೇ ಕರೆಯುತ್ತಿದ್ದ. ನಲವತ್ತರ ಆಸುಪಾಸಿನ ಒಣಕಲು ಮನುಷ್ಯ, ಬಾಯಿ ಮಾತ್ರ ಭಾರಿ. ಏಣಿ ಹತ್ತುವಾಗ ನನ್ನ ಮೇಜಿನ ಪಕ್ಕದ ಬಕೆಟ್ ನೋಡಿ, ‘ಮೇಡಂ, ಅದನ್ನ ಎತ್ತಿಟ್ಬಿಡಿ. ಇನ್ಮೇಲೆ ನೀವು ನೆನೀಬೇಕು ಅಂದ್ರೆ ಆಚೆ ಹೋಗ್ಬೇಕು’ ಎಂದು ನಕ್ಕು ಮೇಲೆ ಹೋದರು.

ಶೀಟಿನ ಮೇಲೆ ನಡೆಯುವವರು ಬೋಲ್ಟುಗಳ ಸಾಲಿನ ಮೇಲೆಯೇ ಹೆಜ್ಜೆ ಇಡುತ್ತಾರೆ, ಬೋಲ್ಟಿನ ಕೆಳಗೆ ಆಂಗಲ್ ಇರುವುದರಿಂದ. ಅವರೂ ಹಾಗೇ ನಡೆಯುತ್ತಿದ್ದರು. ಕೆಳಗೆ ನನಗೆ ಆ ಹೆಜ್ಜೆ ಕೇಳುತ್ತಿತ್ತು. ಆಮೇಲೆ ಒಂದು ಹೆಜ್ಜೆ ಪಾಚಿಯ ಮೇಲೆ ಜಾರಿತು. ಟಪ್ ಎಂದು ಒಂದೇ ಸದ್ದು, ಮಡಕೆ ಒಡೆದಂತೆ. ಮೊದಲು ಬಿದ್ದದ್ದು ಅವರ ಒಂದು ಚಪ್ಪಲಿ, ನನ್ನ ಮೇಜಿನ ಮೇಲೆ. ಕತ್ತೆತ್ತಿ ನೋಡಿದರೆ ಸೂರಿನಲ್ಲಿ ಆಕಾಶ, ಆ ಆಕಾಶದಿಂದ ಎರಡು ಕಾಲು. ಮೇಸ್ತ್ರಿ ಎರಡು ಕೈಯಲ್ಲಿ ಆಂಗಲ್ ಹಿಡಿದು ನೇತಾಡುತ್ತಿದ್ದರು. ಕೆಳಗೆ ಬರಿ ಸಿಮೆಂಟ್ ನೆಲ.

ಟಾರ್ಪಾಲು ಎಂದು ಯಾರು ಕೂಗಿದರೋ ತಿಳಿಯದು. ಒಲೆಯ ಆಪರೇಟರ್, ಸ್ಟೋರ್ಸ್ ನೋಡಿಕೊಳ್ಳುವವರು, ಟೀ ತಂದಿದ್ದ ಕ್ಯಾಂಟೀನಿನ ಅಕ್ಕ, ನಾನು — ನಾಲ್ಕು ಜನ ಅದನ್ನು ಎಳೆದು ತಂದು ಒಂದೊಂದು ಮೂಲೆ ಹಿಡಿದೆವು. ಅಕ್ಕ ಟೀ ಕೆಟಲ್ ಎಲ್ಲಿಟ್ಟರೋ ಆಮೇಲೆ ಅವರಿಗೇ ನೆನಪಿರಲಿಲ್ಲ. ನಾಲ್ಕೂ ಮೂಲೆ ಬಿಗಿಯಾಗುವವರೆಗೆ ಮೇಸ್ತ್ರಿ ಆಂಗಲ್ ಹಿಡಿದುಕೊಂಡಿದ್ದರು. ಬಿಗಿಯಾದದ್ದೇ ಬಿಟ್ಟರು.

ಟಾರ್ಪಾಲು ಹರಿಯಲಿಲ್ಲ. ಅವರನ್ನು ಹಿಡಿಯಿತು, ಹಿಡಿದು ಕುಸಿಯಿತು. ಅವರ ಸೊಂಟ ನೆಲಕ್ಕೆ ತಾಗಿದ ಸದ್ದು ನನಗೆ ಕೇಳಿಸಿತು. ನನ್ನ ಅಂಗೈಯಲ್ಲಿ ಟಾರ್ಪಾಲಿನ ಅಂಚು ಸ್ವಲ್ಪ ಜಾರಿತ್ತು. ಎಷ್ಟು ಜಾರಿತ್ತು, ಅವರು ಬೀಳುವ ಮೊದಲು ಜಾರಿತೋ ಬಿದ್ದ ಮೇಲೆ ಜಾರಿತೋ — ಅಂದಿನಿಂದ ನಾನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದದ್ದು ಇದೊಂದನ್ನೇ.

ಮೇಸ್ತ್ರಿಗೆ ಪ್ರಜ್ಞೆ ಇತ್ತು. ‘ಚಪ್ಲಿ ಎಲ್ಲೋಯ್ತು?’ ಎಂದೂ ಕೇಳಿದರು. ಆದರೆ ಕಾಲು ಅಲ್ಲಾಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದಿಷ್ಟು: ಬೆನ್ನುಹುರಿಯ ಸುತ್ತ ಬಾವು ಬಂದಿದೆ, ಇಳಿಯುವವರೆಗೆ ಕಾಯಬೇಕು. ಇಳಿದ ಮೇಲೆ ಕಾಲು ಬರಬಹುದು. ಬರದೆಯೂ ಇರಬಹುದು.

ಆ ರಾತ್ರಿಯಿಂದ ನನಗೆ ಪ್ರಾರ್ಥನೆ ಮಾಡಲಾಗುತ್ತಿರಲಿಲ್ಲ. ನಂಬಿಕೆ ಹೋಯಿತು ಎಂದಲ್ಲ. ಕಣ್ಣು ಮುಚ್ಚಿದ ಕೂಡಲೇ ಸೂರು ತೆರೆದುಕೊಳ್ಳುತ್ತಿತ್ತು. ಕಣ್ಣು ಬಿಟ್ಟುಕೊಂಡು ಪ್ರಾರ್ಥಿಸೋಣ ಎಂದರೆ ಎದುರಿನ ಗೋಡೆಯ ಕ್ಯಾಲೆಂಡರ್, ಗ್ಯಾಸ್ ಸಿಲಿಂಡರ್ ಕಂಡು ಮಾತು ಅಲ್ಲೇ ನಿಲ್ಲುತ್ತಿತ್ತು. ದೊಡ್ಡಮ್ಮನಿಗೆ ಹೇಳಿದೆ.

‘ಸರಿ, ನೀನು ಸುಮ್ನಿರು. ನಾವು ಮಾಡ್ತೀವಿ’ ಎಂದರು, ‘ತರಕಾರಿ ನಾನು ತರ್ತೀನಿ’ ಎಂದಷ್ಟೇ ಸಲೀಸಾಗಿ.

ಮೊದಲ ಶುಕ್ರವಾರ ದೊಡ್ಡಮ್ಮ ತೆಗೆದುಕೊಂಡದ್ದು ನಾನು ಭಾನುವಾರದ ಶಾಲೆಯಲ್ಲಿ ಚಿಕ್ಕಂದಿನಿಂದ ಕೇಳಿದ ಕಥೆಯನ್ನು. ಪಾರ್ಶ್ವವಾಯು ಹಿಡಿದವನನ್ನು ನಾಲ್ವರು ಚಾಪೆಸಮೇತ ಹೊತ್ತು ಯೇಸು ಇದ್ದ ಮನೆಗೆ ತರುತ್ತಾರೆ. ಜನರ ನೂಕುನುಗ್ಗಲಲ್ಲಿ ಒಳಗೆ ಹೋಗಲಾಗದೆ, ಮಾಳಿಗೆ ಹತ್ತಿ, ಸೂರು ಬಿಚ್ಚಿ, ಅವನನ್ನು ಕೆಳಗಿಳಿಸುತ್ತಾರೆ. ‘ನೋಡಿ, ಮಲಗಿದ್ದವನು ಒಂದು ಮಾತೂ ಆಡಿಲ್ಲ’ ಎಂದರು ದೊಡ್ಡಮ್ಮ. ‘ಅವನಿಗೆ ನಂಬಿಕೆ ಇತ್ತೋ ಇಲ್ವೋ, ಯಾರೂ ಕೇಳ್ಲಿಲ್ಲ. ಕರ್ತನು ನೋಡಿದ್ದು ಹೊತ್ಕೊಂಡು ಬಂದವರ ನಂಬಿಕೇನ. ಬೇರೆಯವರಿಗಾಗಿ ಪ್ರಾರ್ಥನೆ ಅಂದ್ರೆ ಅಷ್ಟೇ. ಅವರ ಚಾಪೆಯ ಒಂದು ಮೂಲೆ ನಾವು ಹಿಡ್ಕೊಳೋದು.’

ನನ್ನ ಕೈ ಮುಷ್ಟಿ ಕಟ್ಟಿತು. ಯಾರಾದರೂ ಒಬ್ಬರು ಮೂಲೆ ಬಿಟ್ಟರೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹೊಸ್ತಿಲಿಂದ ಓನರಮ್ಮನ ದನಿ ಬಂತು:

‘ಅಲ್ಲಾ ಕಣ್ರೀ, ಆ ಮನೆ ಓನರ್ ಏನೂ ಅನ್ಲಿಲ್ವಾ? ಸೂರು ಕಿತ್ತಾಕಿದ್ರಲ್ಲ, ಆಮೇಲೆ ಯಾರು ಸರಿ ಮಾಡಿಸ್ಕೊಟ್ರು?’

ಎಷ್ಟೋ ವರ್ಷ ಆ ಕಥೆ ಹೇಳಿದ್ದ ದೊಡ್ಡಮ್ಮ ಬೈಬಲಿನ ಆ ಪುಟವನ್ನು ಇನ್ನೊಮ್ಮೆ ತಿರುವಿ ನೋಡಿದರು. ‘ಅದು ಬರೆದಿಲ್ಲ ಕಣಮ್ಮ.’

‘ಬಾಡಿಗೆ ಮನೆ ಆಗಿದ್ರೆ ಬರೀತಿದ್ರು’ ಎಂದರು ಓನರಮ್ಮ. ಖಾಲಿ ಹೊಟ್ಟೆಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರದಲ್ಲಿ ಮೊದಲ ಬಾರಿಗೆ ನಾನೂ ನಕ್ಕೆ.

ಪ್ರಾರ್ಥನೆಗೆ ಕೂರುವಾಗ ದೊಡ್ಡಮ್ಮ ನನ್ನ ಕಡೆ ತಿರುಗಿದರು. ‘ಹೆಸರೇನು ಅವರದು?’

‘ಮೇಸ್ತ್ರಿ.’

‘ಅದು ಕೆಲಸ ಕಣೇ. ಹೆಸರು?’

ಗೊತ್ತಿಲ್ಲ ಎಂದೆ. ದೊಡ್ಡಮ್ಮನಿಗೆ ಅದು ಸರಿಬರಲಿಲ್ಲ. ಹೆಸರು ಹಿಡಿದೇ ಪ್ರಾರ್ಥಿಸಬೇಕು ಎಂಬುದು ಅವರ ನಿಯಮ. ‘ರೋಗಿಗಳನ್ನೆಲ್ಲ ಕಾಪಾಡು ಸ್ವಾಮಿ ಅಂದ್ರೆ ಅದು ರೇಡಿಯೋದಲ್ಲಿ ಹೇಳ್ದಂಗೆ. ನಮ್ಮ ಅಕ್ಕಪಕ್ಕದವರ ವಿಷಯ ಹೇಳುವಾಗ ಇಂಥವರ ಮಗ, ಇಂಥವರ ಹೆಂಡ್ತಿ ಅಂತ ಹೇಳಲ್ವಾ? ನಾಳೆ ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬಾ. ಹಂಗೇ ಎರಡು ಎಳನೀರು ತಗೊಂಡೋಗು.’

ಹೋದೆ. ಅಂದು ಬೆಳಿಗ್ಗೆ ತಾನೇ ಮೇಸ್ತ್ರಿಯನ್ನು ತುರ್ತು ವಿಭಾಗದಿಂದ ಸಾಮಾನ್ಯ ವಾರ್ಡಿಗೆ ತಂದಿದ್ದರು. ಔಷಧಿಯ ಮಂಪರಿನಲ್ಲಿ ಮಲಗಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಮಾಗಡಿ ಕಡೆಯ ಹಳ್ಳಿಯವರು, ಸ್ಟೂಲಿನ ಮೇಲೆ ಕೂತು ಗಂಡನ ಕಾಲಿಗೆ ಹೊದಿಕೆ ಸರಿಮಾಡುತ್ತಿದ್ದರು. ನಾನು ಯಾರೆಂದು ತಿಳಿದದ್ದೇ ನನ್ನ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದರು. ಟಾರ್ಪಾಲಿನ ಅಂಚು ಕೊರೆದ ಗೀರು ಇನ್ನೂ ಇತ್ತು. ಅದರ ಮೇಲೆ ಒಮ್ಮೆ ಬೆರಳಾಡಿಸಿದರು.

ನಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡುತ್ತಿರುವ ವಿಷಯ ಹೇಳಿದೆ. ಅವರ ಮುಖದಲ್ಲಿ ಸಣ್ಣ ಅಂಜಿಕೆ ಬಂತು. ‘ಅದುಕ್ಕೆ ನಾವೇನಾರ ಮಾಡ್ಬೇಕಾ ಅಕ್ಕ? ಏನಾರ ಬುಟ್ಬುಡ್ಬೇಕಾ?’

‘ಏನೂ ಬೇಡ. ಹೆಸರು ಹೇಳಿದ್ರೆ ಸಾಕು.’

ಅಂಜಿಕೆ ಹೋಗಿ ನಾಚಿಕೆ ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟರು. ‘ಔರ್ ಎಸ್ರು ನಾನೆಂಗ್ ಏಳ್ಲಿ? ಲಗ್ನ ಆದಾಗ್ನಿಂದ ಒಂದ್ ಕಿತಾನೂ ಏಳಿಲ್ಲ.’ ನಾನು ಒತ್ತಾಯ ಮಾಡಿದೆ. ಅವರು ಗದ್ದವನ್ನು ಮಂಚದ ಕಾಲಬದಿಗೆ ತಿರುಗಿಸಿ ತೋರಿಸಿದರು. ಅಲ್ಲಿ ಕಂಬಿಗೆ ಒಂದು ರಟ್ಟು ತೂಗುಹಾಕಿತ್ತು. ಅದರ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು. ನೆನಪಿಟ್ಟುಕೊಂಡು ಬಂದೆ.

ಅಂದಿನಿಂದ ದೊಡ್ಡಮ್ಮ ಆ ಹೆಸರನ್ನು ಹಿಡಿದುಬಿಟ್ಟರು. ಬೆಳಿಗ್ಗೆ ಹಾಲು ಕಾಯಿಸುವಾಗ ಒಮ್ಮೆ, ಸಂಜೆ ದೀಪ ಹಾಕಿದ ಮೇಲೆ ಒಮ್ಮೆ, ಬಸ್ಸಿನಲ್ಲಿ ಕೂತರೆ ಒಮ್ಮೆ. ಫೋನಿನಲ್ಲಿ ಉಳಿದ ಹೆಂಗಸರಿಗೆಲ್ಲ ಹೇಳಿದರು. ಬಾಗಲಗುಂಟೆಯ ಒಬ್ಬರು ತಮ್ಮ ನಾದಿನಿಗೆ ಹೇಳಿದರು, ಆ ನಾದಿನಿ ವರ್ತೂರಿನ ತಮ್ಮ ಸಭೆಯಲ್ಲಿ ಹೇಳಿದರು. ನಾನು ಎಂದೂ ನೋಡಿರದ ವರ್ತೂರಿನಲ್ಲಿ, ಕೆರೆಯ ನಾತಕ್ಕೆ ಕಿಟಕಿ ಮುಚ್ಚಿಕೊಂಡು ಯಾರೋ ಒಂದಷ್ಟು ಜನ ನಮ್ಮ ಮೇಸ್ತ್ರಿಗಾಗಿ ಮೊಣಕಾಲೂರಿದ್ದಾರೆ ಎಂಬುದು ನನಗೆ ವಿಚಿತ್ರ ಧೈರ್ಯ ಕೊಟ್ಟಿತು. ನನ್ನ ಬಾಯಿಂದ ಮಾತ್ರ ಇನ್ನೂ ಒಂದು ಪದವೂ ಹೊರಟಿರಲಿಲ್ಲ.

ಮುಂದಿನ ಶುಕ್ರವಾರ ಮೇಸ್ತ್ರಿಯ ಹೆಂಡತಿ ತಾವಾಗಿಯೇ ನಮ್ಮ ಮನೆಗೆ ಬಂದರು. ಬಸ್ಸಿಳಿದು ದಾರಿ ಕೇಳಿಕೊಂಡು, ಖಾಲಿ ಕೈಯಲ್ಲಿ ಬರಬಾರದೆಂದು ಒಂದು ಚೀಲ ಕಡಲೆಕಾಯಿ ಹಿಡಿದು. ಕಾಲು ಇನ್ನೂ ಹಾಗೇ ಇದೆ ಎಂದರು. ಬಾವು ಇಳಿಯುತ್ತಿದೆ, ಕಾಲು ಮಾತ್ರ ಕೇಳುತ್ತಿಲ್ಲ. ಅದನ್ನು ಹೇಳುವಾಗ ಅಳಲಿಲ್ಲ. ಅಳದಿರುವುದಕ್ಕೆಂದೇ ಕಡಲೆಕಾಯಿ ಚೀಲದ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು. ದೊಡ್ಡಮ್ಮ ಅವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಎಲ್ಲರೂ ಕಣ್ಣು ಮುಚ್ಚಿದರು, ನಾನೊಬ್ಬಳನ್ನು ಬಿಟ್ಟು. ಹಾಗಾಗಿ ಮುಂದಿನದನ್ನೆಲ್ಲ ಕಣ್ಣಾರೆ ಕಂಡವಳು ನಾನೊಬ್ಬಳೇ.

ದೊಡ್ಡಮ್ಮ ದನಿಯೆತ್ತಿ ಆ ಹೆಸರನ್ನು ಹೇಳಿದರು. ‘ಕರ್ತನೇ, ಈತನ ಮೂಳೆಮೂಳೆಯನ್ನು ನೀನು ಬಲ್ಲೆ, ಈತನನ್ನು ಎಬ್ಬಿಸು, ಈತನು ನಡೆದು ತನ್ನ ಮನೆಗೆ ಹೋಗುವಂತೆ ಮಾಡು.’ ಹೆಂಗಸರು ಆಮೆನ್, ಆಮೆನ್ ಎನ್ನುತ್ತಿದ್ದರು. ಮೇಸ್ತ್ರಿಯ ಹೆಂಡತಿ ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಸುತ್ತ ನೋಡಿ, ಎಚ್ಚರವಿದ್ದವಳು ನಾನೊಬ್ಬಳೇ ಎಂದು ಕಂಡು, ನನ್ನ ಸೆರಗು ಜಗ್ಗಿದರು.

‘ಅಕ್ಕಾ, ಔರ್ಯಾರು?’

‘ಯಾರು?’

‘ಅದೇ, ಅಮ್ಮಾರು ಏಳ್ತಾವ್ರಲ್ಲ, ಆ ಎಸ್ರಿನೋರು.’

‘ನಿಮ್ಮ ಯಜಮಾನರು!’

‘ಅಯ್ಯೋ, ಅಲ್ಲ ಕಣಕ್ಕ! ಔರು ಕಿಟ್ಕಿ ಪಕ್ಕದ್ ಮಂಚದೋರು!’

ಪಿಸುಮಾತಿನಲ್ಲಿ ಶುರುವಾದದ್ದು ಅಷ್ಟು ಹೊತ್ತಿಗೆ ಕೂಗಾಗಿತ್ತು. ಪ್ರಾರ್ಥನೆ ನಿಂತಿತು. ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು. ವಿಷಯ ಬಿಡಿಸಿಕೊಂಡಾಗ ತಿಳಿದದ್ದು ಇದು: ಮೇಸ್ತ್ರಿಗೆ ಕೊಟ್ಟ ಮಂಚದಲ್ಲಿ ಮೊದಲು ಇನ್ನೊಬ್ಬರಿದ್ದರು. ಸೆಕೆ ತಾಳದೆ ಕಿಟಕಿ ಪಕ್ಕದ ಮಂಚ ಕೇಳಿ ಅಲ್ಲಿಗೆ ಹೋಗಿದ್ದರು. ಅವರು ಹೋದರು, ರಟ್ಟು ಇಲ್ಲೇ ಉಳಿಯಿತು. ಮೇಸ್ತ್ರಿಯ ಹೆಂಡತಿಗೆ ಇಂಗ್ಲಿಷ್ ಓದಲು ಬಾರದು. ನನಗೆ ಓದಲು ಬರುತ್ತದೆ, ಓದಿದೆ. ಗಂಡನ ಹೆಸರನ್ನು ಅವರು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆದರೆ ಅವರು ಹೇಳುವ ಹಾಗಿರಲಿಲ್ಲ.

‘ಅವರಿಗೇನಾಗಿತ್ತು, ಆ ಕಿಟಕಿ ಪಕ್ಕದವರಿಗೆ?’ ದೊಡ್ಡಮ್ಮ ಕ್ಷೀಣ ದನಿಯಲ್ಲಿ ಕೇಳಿದರು.

‘ತೊಡೆ ಮೂಳೆ ಮುರ್ದಿತ್ತಂತೆ. ಈಗ ಸೆಂದಾಗವ್ರೆ. ಇವತ್ತು ಬೆಳಿಗ್ಗೆ ಎದ್ದು, ಕೋಲಿಡ್ಕಂಡು, ನಡ್ಕಂಡು ಮನೀಗೋದ್ರು.’

ಹೊಸ್ತಿಲಿಂದ ಓನರಮ್ಮ, ‘ಮನೆ ನಂಬರ್ ಸರಿಯಾಗಿ ಬರೀಬೇಕಿತ್ತು ಕಣ್ರೀ’ ಎಂದರು.

ದೊಡ್ಡಮ್ಮ ನಗಲು ಶುರುಮಾಡಿದರೆ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಭುಜ ಕುಣಿಯಿತು. ಕಣ್ಣಿಂದ ನೀರು ಬಂತು. ವರ್ತೂರಿಗೆ ಯಾರು ಹೇಳುತ್ತೀರಿ ಎಂದು ಬಾಗಲಗುಂಟೆಯವರು ಕೇಳಿದಾಗ ಇಡೀ ಕೋಣೆ ಕೈಮೀರಿ ಹೋಯಿತು. ಮೇಸ್ತ್ರಿಯ ಹೆಂಡತಿ ಮೊದಲು ಗಾಬರಿಯಿಂದ ನೋಡುತ್ತಿದ್ದವರು, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕರು. ಗಂಡ ಬಿದ್ದ ಮೇಲೆ ನಕ್ಕದ್ದು ಇದೇ ಮೊದಲು ಎಂದು ಆಮೇಲೆ ಹೇಳಿದರು.

ಒಬ್ಬರು ಕೇಳಿದರು, ‘ಈಗ ಆ ಪ್ರಾರ್ಥನೆ ಎಲ್ಲ ಏನಾಯ್ತು? ವ್ಯರ್ಥ ಆಯ್ತಾ?’

‘ಯಾಕೆ ವ್ಯರ್ಥ?’ ದೊಡ್ಡಮ್ಮ ಕಣ್ಣೊರೆಸಿಕೊಂಡರು. ‘ಆ ಮನುಷ್ಯನಿಗಾಗಿ ಬೇರೆ ಯಾರಾದ್ರೂ ಕೇಳ್ತಿದ್ರೋ ಇಲ್ವೋ. ಅವರ ಮುಖ ನಾವು ನೋಡಿಲ್ಲ, ಅವರಿಂದ ನಮಗೆ ಏನೂ ಆಗ್ಬೇಕಿಲ್ಲ. ನಾನು ಇಷ್ಟು ವರ್ಷ ಮಾಡಿದ ಪ್ರಾರ್ಥನೆಯಲ್ಲಿ ಇಷ್ಟು ಶುದ್ಧವಾದದ್ದು ಇನ್ನೊಂದಿಲ್ಲ ಅನ್ಸುತ್ತೆ ಕಣಮ್ಮ. ನಮಗೆ ಗೊತ್ತಿಲ್ಲದಂಗೆ ಕರ್ತನು ಮಾಡಿಸಿಬಿಟ್ಟ.’ ಮತ್ತೆ ಭುಜ ಕುಣಿಯಿತು. ‘ಕೊಟ್ಟಿದ್ದನ್ನ ವಾಪಸ್ ಕೇಳೋಕಾಗುತ್ತಾ? ಅವರೂ ಇರ್ಲಿ, ಇವರೂ ಇರ್ಲಿ. ಈಗ ಹೇಳು ತಾಯಿ, ನಿನ್ನ ಯಜಮಾನರ ಹೆಸರು?’

ಮತ್ತೆ ಸೆರಗು ಬಾಯಿಗೆ.

ಕೊನೆಗೆ ಅದನ್ನು ಬಿಡಿಸಿದ್ದು ಓನರಮ್ಮ. ಹೊಸ್ತಿಲು ದಾಟಿ ಅವರು ಒಳಗೆ ಬಂದು ಚಾಪೆಯ ಮೇಲೆ ಕೂತದ್ದು ಅಂದೇ ಮೊದಲು. ‘ನಮ್ ಕಾಲ್ದಲ್ಲೂ ಇದೇ ಆಟ. ಬಾ ಇಲ್ಲಿ. ದೇವ್ರ ಹೆಸ್ರಾ?’

ಹೌದೆಂದು ತಲೆ ಅಲ್ಲಾಡಿತು.

‘ಬೆಟ್ಟದ್ ಮೇಲಿರೋನಾ, ಊರ್ ಬಾಗ್ಲಲ್ಲಿರೋನಾ?’

‘ಊರ್ ಬಾಗ್ಲು.’

‘ಸೋಮ್ವಾರದೋನಾ, ಶನಿವಾರದೋನಾ?’

‘ಸನಿವಾರ.’

‘ಬಾಲ ಅದೆಯಾ?’

ಮೇಸ್ತ್ರಿಯ ಹೆಂಡತಿ ಎರಡು ಕೈಯಿಂದ ಮುಖ ಮುಚ್ಚಿಕೊಂಡು ತಲೆ ಕುಣಿಸಿದರು. ಓನರಮ್ಮ ದೊಡ್ಡಮ್ಮನ ಕಿವಿಯಲ್ಲಿ ಹೆಸರು ಹೇಳಿದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಂಡತಿಯೇ ಹೇಳದ ಹೆಸರನ್ನು ನಾನು ಹೇಳುವುದು ಸರಿಯಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿ, ಶನಿವಾರದ ದೇವರ ಹೆಸರಿಟ್ಟುಕೊಂಡ ಆ ಮನುಷ್ಯನಿಗಾಗಿ ತಮ್ಮ ಕರ್ತನನ್ನು ಮೊದಲಿಂದ ಕೇಳಿಕೊಂಡರು. ಕೊನೆಗೆ, ‘ಕಿಟಕಿ ಪಕ್ಕದ ಮಂಚದವರನ್ನೂ ಮರೀಬೇಡ, ಅವರ ಮೂಳೆ ಗಟ್ಟಿಯಾಗಲಿ’ ಎಂದು ಸೇರಿಸಿದರು. ಓನರಮ್ಮ ಆಮೆನ್ ಎನ್ನಲಿಲ್ಲ. ‘ಹಂಗೇ ಆಗ್ಲಿ’ ಎಂದರು. ಅರ್ಥ ಅದೇ.

ಅಂದು ಊಟಕ್ಕೆ ಹಪ್ಪಳ ಸಾಲಲಿಲ್ಲ. ಕಡಲೆಕಾಯಿ ಬೇಯಿಸಿ ಎಲ್ಲರೂ ಸುತ್ತ ಕೂತು ತಿಂದೆವು. ಹೊರಡುವಾಗ ಮೇಸ್ತ್ರಿಯ ಹೆಂಡತಿಗೆ ನನ್ನ ಫೋನ್ ನಂಬರ್ ಕೊಟ್ಟು, ಕಾಲು ಅಲ್ಲಾಡಿದರೆ ಒಂದು ಮಿಸ್ಡ್ ಕಾಲ್ ಕೊಡಿ ಎಂದೆ. ಅಲ್ಲಾಡದಿದ್ದರೆ ಕೊಡಬೇಡಿ. ಬೇರೆ ಯಾವುದಕ್ಕೂ ಕೊಡಬೇಡಿ.

ಮಿಸ್ಡ್ ಕಾಲ್ ಬಂದಾಗ ನಾನು ಕೆಲಸದಲ್ಲಿದ್ದೆ. ಪ್ಯಾನೆಲ್ ಮೇಲಿನ ಬಣ್ಣ ಅಳೆಯುತ್ತಿದ್ದೆ. ಫೋನ್ ಒಂದು ಸಲ ಗುನುಗಿ ನಿಂತಿತು. ನಂಬರ್ ನೋಡಿದೆ. ನಿಜವೋ, ಕೈತಪ್ಪಿ ಒತ್ತಿದ್ದೋ ಎಂದು ನಾನೇ ವಾಪಸ್ ಫೋನ್ ಮಾಡಿದೆ.

‘ಅಕ್ಕಾ, ಹೆಬ್ಬೆಟ್ಟು!’ ಎಂದು ಆ ಕಡೆಯಿಂದ ಕೂಗು. ‘ಎಡಗಾಲ್ ಹೆಬ್ಬೆಟ್ಟು! ನಾನು ಎಣ್ಣೆ ಅಚ್ತಿದ್ನಾ, ಔರು ಒದ್ರು ಕಣಕ್ಕ! ನನ್ ಕೈಗೇ ಒದ್ರು!’ ಗಂಡ ಒದ್ದನೆಂದು ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಕಂಡಿಲ್ಲ. ಹಿಂದಿನಿಂದ ಮೇಸ್ತ್ರಿಯ ದನಿ, ‘ಒದ್ದಿಲ್ಲ ಮೇಡಂ, ಮುಟ್ಟಿಸ್ದೆ ಅಷ್ಟೇ, ಇವ್ಳು ಊರ್ಗೆಲ್ಲಾ ಹೇಳ್ತಾವ್ಳೆ.’

ಓಡಿಹೋಗಿ ಕ್ಯಾಂಟೀನಿನ ಅಕ್ಕನಿಗೆ ಹೇಳಿದೆ. ಅವರು ಒಲೆಯ ಆಪರೇಟರಿಗೆ, ಆತ ಸ್ಟೋರ್ಸಿನವರಿಗೆ. ಟಾರ್ಪಾಲಿನ ನಾಲ್ಕೂ ಮೂಲೆಯವರು ನಿಂತುಕೊಂಡೇ ಟೀ ಕುಡಿದೆವು. ‘ಸಕ್ರೆ ಜಾಸ್ತಿ ಹಾಕ್ಬಿಟ್ಟಿದೀಯಲ್ಲಕ್ಕ’ ಎಂದರು ಆಪರೇಟರ್. ‘ಇವತ್ತು ಹಾಕ್ದೆ, ಏನೀಗ?’ ಎಂದರು ಅಕ್ಕ.

ಬಾವು ಇಳಿದದ್ದಕ್ಕೆ ಕಾಲು ಬಂತು ಎಂದು ಡಾಕ್ಟರು ಹೇಳಿದರು. ಅದು ನಿಜ. ನಾನು ಕೆಮಿಸ್ಟ್ರಿ ಓದಿದವಳು, ಇಷ್ಟು ಪ್ರಾರ್ಥನೆಗೆ ಇಷ್ಟು ಫಲ ಎಂದು ತೂಗಿ ಹೇಳುವ ಧೈರ್ಯ ನನಗಿಲ್ಲ. ದೊಡ್ಡಮ್ಮನೂ ಹಾಗೆ ಹೇಳಲಿಲ್ಲ. ಅದೇ ವರ್ಷ ನಮ್ಮ ಚಾಪೆಯ ಮೇಲೆ ಹೆಸರು ಹಿಡಿದು ಕೇಳಿಕೊಂಡ ಒಂದಿಬ್ಬರು ತೀರಿಕೊಂಡರು, ಅವರ ಮನೆಗೂ ದೊಡ್ಡಮ್ಮ ಅನ್ನ ಸಾರು ಹೊತ್ತುಕೊಂಡು ಹೋಗಿ ಬಂದರು. ನನಗೆ ಗೊತ್ತಿರುವುದು ಇಷ್ಟೇ. ಆ ದಿನಗಳಲ್ಲಿ ನನ್ನ ಬಾಯಿ ಕಟ್ಟಿದ್ದಾಗ ನನ್ನ ಮಾತನ್ನು ಬೇರೆಯವರು ಹೊತ್ತಿದ್ದರು. ಆ ಭಾರ ಕಡಿಮೆಯಾದದ್ದು ನನ್ನ ಮೈಗೇ ತಿಳಿಯುತ್ತಿತ್ತು.

ಮೇಸ್ತ್ರಿ ನಮ್ಮ ಮನೆಗೆ ಬಂದದ್ದು ದಸರೆ ಕಳೆದ ಮೇಲೆ, ಒಂದು ಶುಕ್ರವಾರ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಹಿಂದೆ ಹೆಂಡತಿ. ಮೂರು ಮೆಟ್ಟಿಲನ್ನು ತಾವೇ ಹತ್ತಿದರು. ಒಳಗೆ ಕಾಲಿಟ್ಟು ಅವರು ಮೊದಲು ಮಾಡಿದ ಕೆಲಸ ಕತ್ತೆತ್ತಿ ಸೂರು ನೋಡಿದ್ದು. ನನ್ನಂತೆಯೇ! ನನಗೆ ಅಣ್ಣನನ್ನು ಕಂಡಂತಾಯಿತು.

‘ಅಮ್ಮಾ, ನಿಮ್ ತಲೆ ಮೇಲೇ ಶೀಟು ಬಿರುಕು ಬಿಟ್ಟದೆ’ ಎಂದರು ದೊಡ್ಡಮ್ಮನಿಗೆ.

‘ಮಳೆ ಬಂದ್ರೆ ಚಾಪೆ ಆ ಕಡೆ ಎಳ್ಕೋತೀವಿ ಕಣಪ್ಪ.’

‘ಓನರ್‌ಗೆ ಹೇಳೋದಲ್ವಾ?’

ಎಲ್ಲರೂ ಹೊಸ್ತಿಲ ಕಡೆ ನೋಡಿದರು. ಓನರಮ್ಮ ಆಕಾಶ ನೋಡಿದರು. ‘ಆ ಕಥೇಲೂ ಯಾರೂ ಮಾಡಿಸ್ಕೊಟ್ಟಿಲ್ವಲ್ಲ’ ಎಂದರು. ನಗೆ ನಿಂತ ಮೇಲೆ ಅವರೇ, ‘ಸರಿ, ಶೀಟು ನಾನು ತರಿಸ್ತೀನಿ. ಆದ್ರೆ ನೀನು ಹತ್ಬೇಡಪ್ಪ, ಯಾರನ್ನಾದ್ರೂ ಹತ್ಸು, ಕೆಳಗೆ ನಿಂತು ಹೇಳು’ ಎಂದರು.

ಹೆಂಗಸರು ಹಾಡಿನ ಪುಸ್ತಕ ತೆಗೆಯುತ್ತಿದ್ದಾಗ ನಾನು ಮೇಸ್ತ್ರಿಯ ಪಕ್ಕಕ್ಕೆ ಹೋಗಿ ಕೂತೆ. ಎಷ್ಟೋ ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಕೇಳಿದೆ. ‘ಅವತ್ತು ನನ್ನ ಮೂಲೆ ಸಡಿಲ ಆಯ್ತಾ?’

‘ಯಾವ ಮೂಲೆ? ಟಾರ್ಪಾಲ್ದಾ?’ ಕೋಲನ್ನು ತೊಡೆಯ ಮೇಲಿಟ್ಟುಕೊಂಡರು. ‘ಮೇಡಂ, ಮೇಲಿಂದ ಎಲ್ಲಾ ಚೆನ್ನಾಗ್ ಕಾಣ್ತಿತ್ತು. ನಾಲ್ಕ್ ತಲೆ, ಮಧ್ಯ ನೀಲಿ. ಮೊದ್ಲು ಮೂರ್ ಮೂಲೆ ಇತ್ತು, ನೀವ್ ಬಂದು ಹಿಡಿದ್ಮೇಲೆ ಚೌಕ ಆಯ್ತು. ಚೌಕ ಆದ್ಮೇಲೆ ನಾನ್ ಕೈ ಬಿಟ್ಟಿದ್ದು.’

‘ಆಮೇಲೆ ಜಾರಿತು.’

‘ನಾಲ್ಕೂ ಇಳೀತು ಮೇಡಂ. ಅಷ್ಟ್ ಎತ್ತರದಿಂದ ಬಿದ್ರೆ ಇಳೀದೆ ಏನಾಗುತ್ತೆ? ನಾನೇನ್ ಹತ್ತಿ ಮೂಟೆನಾ?’

ಹೆಂಡತಿ ಪಕ್ಕದಿಂದ, ‘ಈಗ್ ನೋಡಿ, ಮನೇಲ್ ಕೂರ್ಸಿ ತಿನ್ಸಿ ತಿನ್ಸಿ ಅಕ್ಕಿ ಮೂಟೆ ಆಗವ್ರೆ’ ಎಂದರು.

ನಾನು ನಕ್ಕೆನೋ ಅತ್ತೆನೋ, ಎರಡೂ ಒಟ್ಟಿಗೇ ಬಂದಿರಬೇಕು. ಹೆಂಡತಿ ನನ್ನ ಅಂಗೈ ಹಿಡಿದು, ಅಂದಿನಂತೆಯೇ ತಿರುಗಿಸಿ ನೋಡಿದರು. ಗೀರು ಯಾವಾಗಲೋ ಮಾಯ್ದಿತ್ತು.

ದೊಡ್ಡಮ್ಮ ಪ್ರಾರ್ಥನೆ ಶುರುಮಾಡಿದರು. ಮೊದಲು ಮೇಸ್ತ್ರಿಯ ಹೆಸರು ಹಿಡಿದು ಸ್ತೋತ್ರ. ಆಮೇಲೆ ಎಂದಿನಂತೆ ಕಿಟಕಿ ಪಕ್ಕದ ಮಂಚದವರು. ಅವರು ಎಲ್ಲಿದ್ದಾರೋ, ಏನು ಮಾಡುತ್ತಿದ್ದಾರೋ, ಇಂದಿಗೂ ನಮಗೆ ಗೊತ್ತಿಲ್ಲ. ಬೊಮ್ಮಸಂದ್ರದಲ್ಲೋ ಎಲ್ಲೋ ಬಸ್ಸಿಗೆ ಕಾಯುತ್ತ ನಿಂತಿರುವ ಒಬ್ಬ ಮನುಷ್ಯನಿಗೆ, ರಾಜಗೋಪಾಲನಗರದ ಒಂದು ಕೋಣೆಯಲ್ಲಿ ವಾರವಾರವೂ ತನ್ನ ತೊಡೆಯ ಮೂಳೆಯ ವಿಚಾರಣೆ ನಡೆಯುತ್ತಿದೆ ಎಂದು ತಿಳಿದರೆ ಏನೆನ್ನಿಸೀತು ಎಂದು ಯೋಚಿಸುತ್ತ ನಾನು ಕಣ್ಣು ಮುಚ್ಚಿದ್ದೆ. ಮುಚ್ಚಿದ್ದೇನೆ ಎಂದು ತಿಳಿದದ್ದು ಸ್ವಲ್ಪ ಹೊತ್ತಾದ ಮೇಲೆ. ಸೂರು ತೆರೆದುಕೊಂಡಿರಲಿಲ್ಲ. ಆ ಅಪರಿಚಿತನಿಗಾಗಿಯೇ ನನ್ನ ಬಾಯಿಂದ ಒಂದೆರಡು ಮಾತು ಬಂತು, ಬಹಳ ಸಣ್ಣದಾಗಿ: ಅವರ ಕಾಲು ಜಾರದಿರಲಿ.

ಆಗ ಮೇಲೆ ಟಕ್ ಎಂದಿತು. ಕಣ್ಣು ತೆರೆದೆ, ಕೈ ಮುಷ್ಟಿ ಕಟ್ಟಿತ್ತು. ಎದುರಿಗೆ ಮೇಸ್ತ್ರಿಯೂ ಕಣ್ಣು ತೆರೆದು ಸೂರನ್ನೇ ನೋಡುತ್ತಿದ್ದರು, ಅವರ ಕೈಯೂ ಕೋಲನ್ನು ಬಿಗಿಹಿಡಿದಿತ್ತು. ಇನ್ನೊಂದು ಟಕ್. ಮತ್ತೊಂದು. ಅವರು ಕಿವಿಗೊಟ್ಟು ಕೇಳಿ, ನನ್ನ ಕಡೆ ಬಾಗಿ ಪಿಸುಗುಟ್ಟಿದರು:

‘ಕಾಗೆ ಮೇಡಂ. ಬೋಲ್ಟ್ ಸಾಲಿನ್ ಮೇಲೇ ನಡೀತಾ ಇದೆ.’

ನಾವಿಬ್ಬರೂ ನಗು ನುಂಗಿಕೊಂಡು ಮತ್ತೆ ಕಣ್ಣು ಮುಚ್ಚಿದೆವು.